ಮೊಳೆಗೊಂದು ಫೋಟೋ

ನಮ್ಮ ಹಟ್ಟಿಯಲ್ಲಿ ಯಾರ ಮನೆಗೆ ಹೋದರೂ ಬಾಗಿಲು ದಾಟಿದ ಕೂಡಲೇ ಎದುರು ಗೋಡೆಯಲ್ಲಿ ಆ ಮನೆಯವರ ಮದುವೆ ಫೋಟೋ ಕಾಣುತ್ತದೆ. ಗಂಡು ತಪ್ಪು ಬಸ್ಸು ಹತ್ತಿದವನ ಹಾಗೆ ನಿಂತಿರುತ್ತಾನೆ. ಹೆಣ್ಣು ಬಿದ್ದ ಓಲೆ ಹುಡುಕುವವಳ ಹಾಗೆ ನೆಲ ನೋಡುತ್ತಿರುತ್ತಾಳೆ. ಚೆಂದವೋ ಚೆಂದವಿಲ್ಲವೋ, ಅಂತೂ ಒಂದು ಫೋಟೋ ಇರುತ್ತದೆ.

ನನ್ನ ಮನೆಗೆ ಬಂದರೆ ಮೊನ್ನೆಯವರೆಗೂ ಕಾಣುತ್ತಿದ್ದದ್ದು ಗೊಬ್ಬರದಂಗಡಿಯ ಕ್ಯಾಲೆಂಡರು. ಅದೂ ಗೋಡೆಗೆ ನೆಟ್ಟಗೆ ಅಂಟಿದ ಕ್ಯಾಲೆಂಡರಲ್ಲ, ಮದುವೆ ಊಟ ಮುಗಿಸಿ ಎದ್ದವನ ಹೊಟ್ಟೆಯಂತೆ ಮುಂದಕ್ಕೆ ಉಬ್ಬಿಕೊಂಡಿರುತ್ತಿತ್ತು. (ಗೋಡೆಯ ತೇವಕ್ಕೆ ಹಾಗಾಗುತ್ತದೆ ಎಂದು ಇಪ್ಪತ್ತಾರು ವರ್ಷದಿಂದ ಬಂದವರಿಗೆಲ್ಲ ಹೇಳುತ್ತಾ ಬಂದಿದ್ದೆ. ಕ್ಯಾಲೆಂಡರು ಏರಿಸುವುದು, ಇಳಿಸುವುದು, ತಿಂಗಳು ಮಗುಚುವುದು ಎಲ್ಲ ನನ್ನ ಹೆಂಡತಿ ಕಮಲಂ ಇಲಾಖೆ. ನಾನು ಅದರಲ್ಲಿ ಕೈ ಹಾಕಿದವನಲ್ಲ.) ಆದರೆ ಆ ಕ್ಯಾಲೆಂಡರು ತೂಗುತ್ತಿದ್ದ ಮೊಳೆ ಇದೆಯಲ್ಲ, ಅದನ್ನು ಹೊಡೆದವನು ನಾನು. ಮದುವೆಯ ಹಿಂದಿನ ದಿನ, ಇಲ್ಲಿ ನಮ್ಮ ಫೋಟೋ ಬರಬೇಕು ಎಂದು ಅಳತೆ ನೋಡಿ, ಮೂರಂಗುಲದ ಮೊಳೆಯನ್ನು ನನ್ನ ಕೈಯಾರೆ ಹೊಡೆದಿದ್ದೆ.

ನನ್ನ ಹೆಸರು ನಂಜುಂಡನ್. ಕಟ್ಟಬೆಟ್ಟಿನ ಪಕ್ಕದ ಹಟ್ಟಿ, ಒಂದೂವರೆ ಎಕರೆ ಟೀ ತೋಟ. ಓದು ಐದನೇ ಕ್ಲಾಸಿನ ಅರ್ಧದವರೆಗೆ. ಉಳಿದರ್ಧ ಯಾಕೆ ಆಗಲಿಲ್ಲ ಎಂದರೆ, ಮೇಷ್ಟ್ರು ಹೊಡೆಯಲು ಎತ್ತಿದ ಕೋಲನ್ನು ನಾನು ಕಿತ್ತುಕೊಂಡು ಮುರಿದು ಅವರ ಮೇಜಿನ ಮೇಲೇ ಇಟ್ಟು ಮನೆಗೆ ಬಂದೆ. ನನಗೆ ಕೋಪ ಸ್ವಲ್ಪ ಜಾಸ್ತಿ. 'ಸ್ವಲ್ಪ' ಎನ್ನುವುದು ನನ್ನ ಅಳತೆ. ಕಮಲಂ ಅಳತೆ ಬೇರೆ.

ಈ ಕೋಪವೇ ಆ ಮೊಳೆಯನ್ನು ಬರಿದು ಮಾಡಿದ್ದು.

ನಮ್ಮಲ್ಲಿ ಹೊಸ ಹೆಣ್ಣು ಗಂಡನ ಹಟ್ಟಿಗೆ ಬಂದ ಮೇಲೆ ಹಳ್ಳಕ್ಕೆ ಹೋಗಿ, ಕೊಡದಲ್ಲಿ ನೀರು ತಂದು ಮನೆ ತುಂಬಬೇಕು. ಆ ನೀರು ಹೊಸಿಲು ದಾಟಿದ ಮೇಲೆಯೇ ಅವಳು ಮನೆಯವಳು. ಅವತ್ತು ಕಮಲಂಗೆ ಹತ್ತೊಂಬತ್ತು. ಬಿಳಿ ಮುಂಡು ಉಟ್ಟು, ತಲೆ ಮೇಲೆ ಹಿತ್ತಾಳೆ ಕೊಡ ಹೊತ್ತು, ಕಲ್ಲು ಮೆಟ್ಟಿಲು ಹತ್ತಿ ಬರುತ್ತಿದ್ದಳು. ನಾನು ಹೊಸಿಲ ಮೇಲೆ ನಿಂತಿದ್ದೆ, ತಲೆಗೆ ಬಿಳಿ ರುಮಾಲು, ಮೈಯೆಲ್ಲ ಬೆವರು. ಏಳನೇ ಮೆಟ್ಟಿಲಿಗೆ ಅವಳು ತಲೆ ಎತ್ತಿ ನನ್ನನ್ನು ನೋಡಿ ನಕ್ಕಳು. ಕೊಡದಿಂದ ಒಂದಿಷ್ಟು ನೀರು ತುಳುಕಿ ಅವಳ ಹುಬ್ಬಿನ ಮೇಲೆ ಇಳಿಯಿತು. ಅಷ್ಟೇ. ಮೂರು ಎಣಿಸುವಷ್ಟು ಹೊತ್ತು. ಇಂಥದ್ದನ್ನು ಬರೆಯಲು ನನ್ನ ಐದನೇ ಕ್ಲಾಸು ಸಾಲದು, ಬಿಡಿ.

ಫೋಟೋ ಬಿತ್ತಲ್ಲ ಎಂದು ಖುಷಿಯಿಂದ ಪಕ್ಕಕ್ಕೆ ತಿರುಗುತ್ತೇನೆ, ಫೋಟೋ ತೆಗೆಯುವ ಸೆಂಥಿಲ್ ಕ್ಯಾಮೆರಾವನ್ನು ತೊಡೆಯ ಮೇಲೆ ಮಗುವಿನಂತೆ ಮಲಗಿಸಿಕೊಂಡು ಅದರ ಮುಚ್ಚಳ ಒತ್ತುತ್ತಾ ಕೂತಿದ್ದಾನೆ!

"ಏಯ್! ಅವಳು ಬಂದಾಯ್ತು, ನೀನೇನು ಮಾಡ್ತಿದ್ದಿ?"

"ಒಂದು ನಿಮಿಷ ಅಣ್ಣೇ, ರೋಲು..."

ಅವನ ಮಾತು ಮುಗಿಯಲು ನಾನು ಬಿಡಬೇಕಲ್ಲ? ಕ್ಯಾಮೆರಾ ಕಿತ್ತುಕೊಂಡೆ, ಹಿಂಬಾಗಿಲು ತೆರೆದೆ, ಒಳಗಿದ್ದ ರೋಲನ್ನು ಸರಸರನೆ ಎಳೆದು ಹಾರ ಹಾಕಿದ ಹಾಗೆ ಬೇಲಿಯ ಮೇಲೆ ಎಸೆದೆ. ಬೆಳಕು ಕಂಡ ರೋಲು ಸತ್ತ ಹಾಗೆ. ನಮ್ಮ ಮದುವೆಯ ಅಷ್ಟೂ ಫೋಟೋಗಳಿಗೆ ನಾನೇ ಸಂಸ್ಕಾರ ಮಾಡಿದ ಹಾಗಾಯಿತು. ಕಮಲಂ ನೀರಿನ ಕೊಡ ಇಳಿಸಿ, ಮನೆಯವಳಾದ ಮೇಲೆ ಆಡಿದ ಮೊದಲ ಮಾತು ಇದು: "ಇನ್ನು ಮೇಲೆ ನೀವಿರೋ ಕಡೆ ನಾನು ಫೋಟೋಗೆ ನಿಲ್ಲಲ್ಲ."

ಹೆಣ್ಣು ಮಾತಿಗೆ ತಪ್ಪಲಿಲ್ಲ. ಮಗಳು ಮೋನಿಷಾಳ ಹೆಸರಿಡುವ ದಿನ ಎಲ್ಲರೂ ಸಾಲಾಗಿ ನಿಂತರೆ ಇವಳು ಅಡುಗೆಮನೆ ಸೇರಿಕೊಂಡಳು. ರೇಷನ್ ಕಾರ್ಡಿಗೆ ಫೋಟೋ ಬೇಕೆಂದಾಗ ಒಬ್ಬಳೇ ಕೋಟಗಿರಿಗೆ ಹೋಗಿ ಬಂದಳು. ನಾನೂ ಸೆಂಥಿಲ್ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ಕೋಟಗಿರಿ ಪೇಟೆಯಲ್ಲಿ ಅವನು ಎದುರಾದರೆ ನಾನು ತರಕಾರಿ ನೋಡುತ್ತಿದ್ದೆ, ಅವನು ಮೋಡ ನೋಡುತ್ತಿದ್ದ.

ಹೀಗೆ ಕಾಲ ಕಳೆಯುತ್ತಿರುವಾಗ ಕಮಲಂ ತಮ್ಮ ಮನೋಜ್‌ಕುಮಾರ್ ಒಂದು ಭಾನುವಾರ ಕುನ್ನೂರಿನಿಂದ ಬಂದ. ಆಫೀಸು ಕೆಲಸ ಅವನಿಗೆ, ರಜಾ ಬಂದರೆ ಕಾಡು ಸುತ್ತಿ ಹಕ್ಕಿ ಫೋಟೋ ತೆಗೆಯುತ್ತಾನೆ. ಹೆಗಲಿನ ಕಪ್ಪು ಚೀಲ ಬಿಚ್ಚಿ ಒಂದು ಕ್ಯಾಮೆರಾ ಹೊರಗೆ ತೆಗೆದ.

"ಬಾವ, ಇದು ಡಿ.ಎಸ್.ಎಲ್.ಆರ್. ಹೊಸದಾಗಿ ಕಲಿಯೋರಿಗೆ ಅಂತ್ಲೇ ಮಾಡಿರೋದು. ನಾನು ಕನ್ನಡಿ ಇಲ್ಲದ ಹೊಸ ಥರದ್ದು ತಗೊಂಡೆ. ಇದನ್ನ ಮಾರಬೇಕು. ಒಂದು ವಾರ ಇಟ್ಕೊಂಡು ನೋಡಿ. ಹಿಡಿಸಿದ್ರೆ ನಿಮ್ದು, ಇಲ್ಲಾಂದ್ರೆ ಭಾನುವಾರ ವಾಪಸ್ ಕೊಡಿ. ಹೇಗೆ ಕೊಟ್ಟಿದ್ದೀನೋ ಹಾಗೇ."

"ಅವರಿಗ್ಯಾಕೋ ಇದು?" ಕಮಲಂ ಒಲೆಯ ಕಡೆಯಿಂದಲೇ ಕೂಗಿದಳು. "ನಿಮ್ಮ ಬಾವಂಗೆ ಕ್ಯಾಮೆರಾದ ಬಾಗಿಲು ತೆಗೆಯೋದೊಂದೇ ಗೊತ್ತಿರೋದು."

ನಾನು ಆ ಮಾತಿಗೆ ಕಿವಿ ಕೊಡಲಿಲ್ಲ. ನನ್ನ ಕಣ್ಣು ಮೊಳೆಯ ಮೇಲಿತ್ತು. ಅದೇ ಹೊಸಿಲು ಇದೆ, ಅದೇ ಮೆಟ್ಟಿಲಿದೆ, ಕೊಡ ಅಟ್ಟದ ಮೇಲಿದೆ, ಕಮಲಂ ಅಡುಗೆಮನೆಯಲ್ಲಿದ್ದಾಳೆ. ಇಲ್ಲದೇ ಇದ್ದದ್ದು ಕ್ಯಾಮೆರಾ ಒಂದು. ಈಗ ಅದೂ ಬಂತು. ಆ ನಗೆಯನ್ನು ಈ ಸಲ ನಾನೇ ಹಿಡಿಯುತ್ತೇನೆ ಎಂದು ಮನಸ್ಸಿನಲ್ಲೇ ಶಪಥ ಮಾಡಿದೆ. (ಶಪಥವನ್ನು ಬಾಯಿಬಿಟ್ಟು ಹೇಳಲಿಲ್ಲ. ಐವತ್ತೆರಡನೇ ವಯಸ್ಸಿನಲ್ಲಿ ಹೆಂಡತಿಗೆ 'ನಿನ್ನ ನಗು ಬೇಕು' ಎಂದು ಹೇಳುವುದಕ್ಕಿಂತ ಕಾಡೆಮ್ಮೆಗೆ ದಾರಿ ಬಿಡು ಎಂದು ಹೇಳುವುದು ಸುಲಭ.)

ಸೋಮವಾರದಿಂದ ಮಹಾಪರೀಕ್ಷೆ ಶುರುವಾಯಿತು. ವಸ್ತು ಯಾವುದೇ ಇರಲಿ, ಮೊದಲು ತೂಕ ನೋಡುವುದು ಎಲೆ ಮಾರುವ ನಮ್ಮ ಪದ್ಧತಿ. ಎಲೆ ತೂಗುವ ತಕ್ಕಡಿಯ ಕೊಕ್ಕೆಗೆ ಕ್ಯಾಮೆರಾ ತಗುಲಿಸಿದೆ. ಮುಕ್ಕಾಲು ಕಿಲೋಗೆ ಸ್ವಲ್ಪ ಕಡಿಮೆ. ಎಲೆಯಾಗಿದ್ದರೆ ಏಜೆಂಟು ಇದರಲ್ಲೂ ನೀರಿನ ತೂಕ, ಚೀಲದ ತೂಕ ಎಂದು ಕಳೆಯುತ್ತಿದ್ದ. ಮೈ ಪ್ಲಾಸ್ಟಿಕ್ಕು. ಆದರೆ ಬಲಗೈಗೆ ಸಿಗುವ ಹಿಡಿಕೆ ಚೆನ್ನಾಗಿದೆ, ಟೀ ಗಿಡ ಸವರುವ ಕವಾತು ಕತ್ತಿಯ ಹಿಡಿಯಂತೆ ಬೆರಳಿಗೆ ಕೂತುಕೊಳ್ಳುತ್ತದೆ. ಮೇಲೊಂದು ಚಕ್ರ. ಅದರ ಮೇಲೆ ಬೆಟ್ಟ, ಹೂವು, ಓಡುವ ಮನುಷ್ಯ, ಹೆಣ್ಣಿನ ಮುಖ ಎಂದು ಚಿತ್ರಗಳು. ಓದು ಕಡಿಮೆ ಇದ್ದವರ ಬಗ್ಗೆ ಯೋಚನೆ ಮಾಡಿದ ಪುಣ್ಯಾತ್ಮ ಯಾರೋ ಆ ಕಂಪನಿಯಲ್ಲಿ ಇದ್ದಾನೆ. ಹಿಂದಿನ ಪರದೆಯಲ್ಲಿ ಮಾತ್ರ ಬರೀ ಇಂಗ್ಲಿಷು. ಅದನ್ನು ನಾನು ಓದಲೂ ಇಲ್ಲ, ಅದು ನನ್ನನ್ನು ಕೇಳಲೂ ಇಲ್ಲ.

ನನಗೆ ತೀರಾ ಹಿಡಿಸಿದ್ದು ಅದರ ಸದ್ದು. ಗುಂಡಿ ಒತ್ತಿದರೆ ಒಳಗಿನ ಕನ್ನಡಿ ಎದ್ದು ಕೂರುತ್ತದೆ. ಟಪಕ್! ಎಳೆಯ ಟೀ ಚಿಗುರನ್ನು ಉಗುರಿನಿಂದ ಚಿವುಟಿದ ಹಾಗೆ. ಫೋನಿನಲ್ಲಿ ಫೋಟೋ ತೆಗೆದರೆ ಏನನ್ನೋ ಕದ್ದ ಹಾಗಿರುತ್ತದೆ. ಇದರಲ್ಲಿ ಕಿತ್ತ ಹಾಗಿರುತ್ತದೆ, ಬುಟ್ಟಿಗೆ ಬಿದ್ದ ಹಾಗಿರುತ್ತದೆ.

ದೋಷಗಳೂ ಇವೆ, ಮುಚ್ಚಿಡುವುದಿಲ್ಲ. ನಮ್ಮ ಮಂಜಿನಲ್ಲಿ ಇದಕ್ಕೆ ಕಣ್ಣು ಕಾಣಿಸುವುದಿಲ್ಲ. ಲೆನ್ಸು ಗಿರ್ ಎಂದು ಮುಂದೆ ಹೋಗುತ್ತದೆ, ಗಿರ್ ಎಂದು ಹಿಂದೆ ಬರುತ್ತದೆ, ಕನ್ನಡಕ ಕಳೆದುಕೊಂಡ ಮುದುಕ ಬಾಗಿಲು ತಡಕಿದ ಹಾಗೆ. ಬೆಳಕು ಸಾಲದು ಅನ್ನಿಸಿದರೆ ನಮ್ಮನ್ನು ಕೇಳದೆ ತಲೆಯ ಮೇಲಿನ ಫ್ಲ್ಯಾಶು ಟಕ್ಕೆಂದು ಎದ್ದುಬಿಡುತ್ತದೆ. ಮಂಜಿನ ಹನಿಗಳೆಲ್ಲ ಬಿಳಿ ಬೂಂದಿಕಾಳಿನ ಹಾಗೆ ಫೋಟೋ ತುಂಬ ಉದುರಿರುತ್ತವೆ. ನಾನು ಅದನ್ನು ಒತ್ತಿ ಮುಚ್ಚುವುದು, ಅದು ಏಳುವುದು. ಒಂದು ಸಲ ಅದಕ್ಕೆ ಬೈದೇ ಬಿಟ್ಟೆ.

"ಯಾರ ಕೂಡ ಜಗಳ?" ಕಮಲಂ ಪಕ್ಕದ ಸಾಲಿನಲ್ಲಿ ಎಲೆ ಕೀಳುತ್ತಾ ಕೇಳಿದಳು.

"ಈ ಕ್ಯಾಮೆರಾ ಕೂಡ. ಹೇಳಿದ ಮಾತೇ ಕೇಳಲ್ಲ. ನೀನು ಈ ಕಡೆ ತಿರುಗು. ತಲೆ ಎತ್ತು. ಹಲ್ಲು ತೋರಿಸು!"

"ಹಲ್ಲು ತೋರಿಸೋಕೆ ನಾನೇನು ಸಂತೆಗೆ ಬಂದ ಎತ್ತಾ?"

ಹೀಗೆ ಮೂರು ದಿನದ ಪರೀಕ್ಷೆಯಲ್ಲಿ ನನಗೆ ಸಿಕ್ಕ ಕಮಲಂ ಇಷ್ಟು: ಬೆನ್ನು ಹನ್ನೊಂದು, ಮೊಣಕೈ ನಾಲ್ಕು, ಮುಖಕ್ಕೆ ಅಡ್ಡ ಹಿಡಿದ ಎಲೆಚೀಲ ಆರು, ನಾಲಿಗೆ ಒಂದು. ಬುಧವಾರ ಕೆಳಗಿನ ತೋಟಕ್ಕೆ ಒಂಟಿ ಕಾಡೆಮ್ಮೆ ಬಂದಿತ್ತು. ಅದು ಟೀ ಗಿಡದ ಮಧ್ಯೆ ಕಾಲೂರಿ, ಕತ್ತು ತಿರುಗಿಸಿ, ಎಡಗಡೆಯಿಂದ ಒಂದು, ಬಲಗಡೆಯಿಂದ ಒಂದು ಎಂದು ಸ್ಟುಡಿಯೋದಲ್ಲಿ ನಿಂತ ಹಾಗೆ ನಿಂತುಕೊಟ್ಟಿತು. ಪರದೆಯಲ್ಲಿ ಅದರ ರೆಪ್ಪೆಗೂದಲನ್ನೂ ಎಣಿಸಬಹುದಿತ್ತು.

"ನೋಡು," ಎಂದು ಕಮಲಂಗೆ ತೋರಿಸಿದೆ. "ಕಾಡುಮೃಗಕ್ಕೆ ಇರೋ ಮರ್ಯಾದೆ ನಿನಗಿಲ್ಲ."

"ಚೆನ್ನಾಗಿ ಬಂದಿದೆ. ಅದನ್ನೇ ಮೊಳೆಗೆ ಹಾಕಿ. ಬಂದೋರು ನೀವೇ ಅಂದ್ಕೋತಾರೆ."

ಅವತ್ತು ಸಂಜೆ ಬೆಟ್ಟದಿಂದ ಮಂಜು ಇಳಿಯಿತು ನೋಡಿ, ಕೈ ಚಾಚಿದರೆ ಕೈ ಕಾಣದಷ್ಟು. ಕ್ಯಾಮೆರಾದ ಮೈ ಬೆವರಿತು. ಮನೋಜ್ ಹೋಗುವಾಗ ಮೂರು ಸಲ ಹೇಳಿದ್ದ: "ಬಾವ, ತೇವ ನಿಂತ್ರೆ ಲೆನ್ಸಿಗೆ ಬೂಸಲು ಬರುತ್ತೆ. ಚೀಲದಲ್ಲಿ ತೇವ ಹೀರೋ ಚಿಕ್ಕ ಪೊಟ್ಟಣ ಇದೆ, ಅದರ ಜತೇಲೇ ಇಡಿ." ಪೊಟ್ಟಣ ಇತ್ತು. ಅವನು ಹೇಳಿದ್ದು ಅದೇ ಎಂದು ಹೊಳೆಯದೆ, ಉಪ್ಪಿನ ಪೊಟ್ಟಣ ಇರಬೇಕೆಂದು ನಾನು ಅದನ್ನು ಮೊದಲ ದಿನವೇ ಬಿಸಾಡಿದ್ದೆ.

ಆಗ ನನ್ನ ತಲೆಯಲ್ಲಿ ಒಂದು ಜ್ಞಾನ ಉದಯವಾಯಿತು. ತೇವ ಹೀರುವುದರಲ್ಲಿ ಟೀ ಪುಡಿಯನ್ನು ಮೀರಿಸಿದ ವಸ್ತು ಈ ಭೂಮಿಯಲ್ಲಿ ಇಲ್ಲ. ಡಬ್ಬಿಯ ಮುಚ್ಚಳ ಒಂದು ಗಳಿಗೆ ತೆರೆದಿಟ್ಟರೆ ಸಾಕು, ಊರ ಮಂಜನ್ನೆಲ್ಲ ಕುಡಿದು ಮೆತ್ತಗಾಗುತ್ತದೆ. ನಲವತ್ತು ವರ್ಷದಿಂದ ಟೀ ಜತೆ ಬದುಕಿದವನಿಗೆ ಇದನ್ನು ಪುಸ್ತಕದಲ್ಲಿ ಓದಬೇಕೇ? ಮನೆಯಲ್ಲಿ ಫ್ಯಾಕ್ಟರಿಯಿಂದ ತಂದ ಐದು ಕಿಲೋ ಡಸ್ಟು ಟೀ ಇತ್ತು, ಹೊಸದು, ಗರಿಗರಿ. ಕ್ಯಾಮೆರಾವನ್ನು ಕಮಲಂಳ ಹಳೆ ಮುಂಡಿನ ತುಂಡಿನಲ್ಲಿ ಸುತ್ತಿ ಆ ಡಬ್ಬಿಯಲ್ಲಿ ಹೂತೆ. ಹೊರಮೈ ಒಣಗಿ ಒಳಹೊಟ್ಟೆ ಒದ್ದೆ ಉಳಿದರೆ ಏನು ಬಂತು ಎಂದು, ಲೆನ್ಸನ್ನು ತಿರುಗಿಸಿ ಬಿಚ್ಚಿ ಬೇರೆ ಮಾಡಿ, ಬಾಯಿ ತೆರೆದೇ ಹೂತೆ. ಮುಚ್ಚಳ ಗಟ್ಟಿಯಾಗಿ ಒತ್ತಿದೆ. ಮುಂಡಿನ ಬಟ್ಟೆ ಎಷ್ಟು ತೆಳು, ಡಸ್ಟು ಟೀ ಎಷ್ಟು ಸಣ್ಣ ಪುಡಿ ಎನ್ನುವ ವಿಷಯ ಆ ಗಳಿಗೆಯಲ್ಲಿ ನನ್ನ ಮುಂದೆ ಬರಲಿಲ್ಲ.

ಗುರುವಾರ ಬೆಳಿಗ್ಗೆ ತೆಗೆದು ನೋಡಿದೆ. ಒಣಗಿತ್ತು. ಅದರಲ್ಲಿ ನನ್ನ ವಿದ್ಯೆ ಸುಳ್ಳಾಗಲಿಲ್ಲ. ಲೆನ್ಸು ಹಾಕಿ ಆಕಾಶಕ್ಕೆ ಒಂದು ಟಪಕ್ ಹೊಡೆದೆ. ಪರದೆಯಲ್ಲಿ ಆಕಾಶದ ತುಂಬ ಕಪ್ಪು ಚುಕ್ಕೆ. ಬೆಟ್ಟಕ್ಕೆ ಹೊಡೆದೆ, ಬೆಟ್ಟಕ್ಕೆ ಸಿಡುಬು. ಅಲ್ಲಾಡಿಸಿದರೆ ಒಳಗೆ ಸರಸರ ಸದ್ದು.

ಕಮಲಂ ಬಂದು ಮೂಗು ಹತ್ತಿರ ತಂದಳು. "ಹೆತ್ತೆಯಮ್ಮಾ! ಇದರಲ್ಲಿ ಟೀ ವಾಸನೆ ಬರುತ್ತೆ!"

"ತೇವ ಹೋಗಲಿ ಅಂತ..."

"ಸ್ವಲ್ಪ ಹಾಲೂ ಸಕ್ಕರೆನೂ ಹಾಕಬೇಕಿತ್ತು. ಮನೋಜ್ ಬಂದ್ರೆ ಕುಡಿಯೋಕೆ ಕೊಡಬಹುದಿತ್ತು." ಸೊಂಟಕ್ಕೆ ಕೈಯಿಟ್ಟು ನಿಂತಳು. "ಹೇಗೆ ಕೊಟ್ಟಿದ್ದಾನೋ ಹಾಗೇ ಕೊಡಬೇಕು ಅಂದಿದ್ದ. ಈಗ ಏನು ಮಾಡ್ತೀರಿ?"

"ನಾನೇ ಬಿಚ್ಚಿ ತೊಳೀತೀನಿ."

"ಮುಟ್ಟಿದ್ರೆ ನೋಡಿ! ಇದನ್ನ ಶುಚಿ ಮಾಡೋನು ಇಡೀ ಕೋಟಗಿರಿಗೆ ಒಬ್ಬನೇ. ಯಾರು ಅಂತ ನಿಮಗೂ ಗೊತ್ತು."

ಶುಕ್ರವಾರ ಕೋಟಗಿರಿಗೆ ಹೋದೆ. ಸೆಂಥಿಲ್ ಅಂಗಡಿಯ ಮುಂದೆ ಮೂರು ಸಲ ಆ ಕಡೆ ಈ ಕಡೆ ಓಡಾಡಿದೆ. ಎದುರಿನ ಅಂಗಡಿಯಲ್ಲಿ ಬೇಡದ ಬಿಸ್ಕತ್ತು ಕೊಂಡೆ. ಆಮೇಲೆ ಕಣ್ಣು ಮುಚ್ಚಿ ಮೆಟ್ಟಿಲು ಹತ್ತಿದೆ. ಸೆಂಥಿಲ್ ತಲೆ ಬೋಳಾಗಿತ್ತು, ಮೂಗಿನ ಮೇಲೆ ಕನ್ನಡಕ ಬಂದಿತ್ತು. ನನ್ನನ್ನು ನೋಡಿದವನೇ ಗಾಜಿನ ಮೇಜಿನ ಮೇಲಿದ್ದ ತನ್ನ ಕ್ಯಾಮೆರಾವನ್ನು ಮೆಲ್ಲಗೆ ಎತ್ತಿ ಕೆಳಗಿಟ್ಟ.

"ಹೆದರಬೇಡ. ಇದನ್ನ ಸರಿಮಾಡಿ ಕೊಡು," ಎಂದೆ. ಮೆತ್ತಗೆ ಹೇಳಬೇಕೆಂದಿದ್ದೆ. ಪಕ್ಕದ ಟೈಲರ್ ಅಂಗಡಿಯವನು ಎದ್ದು ಬಂದು ಇಣುಕಿದ.

ಸೆಂಥಿಲ್ ಲೆನ್ಸು ಬಿಚ್ಚಿದ. ರಬ್ಬರಿನ ಊದುಬುರುಡೆ ಒತ್ತಿದ. ಪುಸ್ ಎಂದು ಕಂದು ಹೊಗೆ ಎದ್ದು ಅವನ ಬಿಳಿ ಅಂಗಿಯ ಮೇಲೆ ಕೂತಿತು. ಬೆರಳಿನಲ್ಲಿ ತೆಗೆದು ಮೂಸಿದ.

"ಅಣ್ಣೇ, ಇದು ಡಸ್ಟಾ, ಲೀಫಾ?"

"ಡಸ್ಟು."

"ಒಳ್ಳೆ ವಾಸನೆ. ನಮ್ಮ ಮನೆಗೂ ಒಂದು ಕಿಲೋ ಹೇಳಿ." ಇಷ್ಟು ಹೇಳಿ ನಗದೆ ಕೆಲಸಕ್ಕೆ ಕೂತ. ಮುಕ್ಕಾಲು ಗಂಟೆ ಊದಿದ, ಒರೆಸಿದ, ಒಳಗಿನ ಕಾರ್ಡು ಕಿತ್ತು ಕಂಪ್ಯೂಟರಿಗೆ ಹಾಕಿ ಚುಕ್ಕೆ ನೋಡಿದ, ಮತ್ತೆ ಊದಿದ. ಕೊನೆಗೆ ತಲೆ ಎತ್ತದೆ ಕೇಳಿದ: "ಆ ಮದುವೆ ಫೋಟೋಗಳು ಬಣ್ಣ ಹೋಗದೆ ಇವೆಯಾ ಅಣ್ಣೇ?"

"ಯಾವ ಮದುವೆ?"

"ನಿಮ್ಮ ಮದುವೆ."

"ಗೇಲಿ ಮಾಡ್ತಿದ್ದೀಯಾ? ರೋಲು ಬೇಲಿ ಮೇಲೆ ಬಿದ್ದಿದ್ದು ನೀನು ನೋಡಲಿಲ್ವಾ?"

ಸೆಂಥಿಲ್ ಕನ್ನಡಕ ತೆಗೆದ. "ಅದು ಹೊಸ ರೋಲು ಅಣ್ಣೇ. ಆಗ ತಾನೇ ಹಾಕಿದ್ದು. ಅದರಲ್ಲಿ ಒಂದೂ ಫೋಟೋ ಇರಲಿಲ್ಲ. ತುಂಬಿದ ರೋಲು ಎನ್ನ ಅಂಗಿ ಜೇಬಲ್ಲೇ ಇತ್ತು. ಅದನ್ನ ಹೇಳೋಕೇ ಬಾಯಿ ತೆರೆದೆ. ನೀವು ಬಿಟ್ರಾ?"

ನಾನು ಸ್ಟೂಲಿನ ಮೇಲೆ ಕೂತೆ.

"ತಿಂಗಳಾದ ಮೇಲೆ ಫೋಟೋ ತಗೊಂಡು ನಿಮ್ಮ ಹಟ್ಟಿಗೇ ಬಂದೆ. ನೀವು ಮೇಲಿನ ತೋಟದಿಂದ ಕತ್ತಿ ಹಿಡ್ಕೊಂಡು ಇಳಿದು ಬಂದ್ರಿ."

"ನಾನು ಗಿಡ ಕವಾತು ಮಾಡ್ತಿದ್ದೆ!"

"ಎನಗೆ ಹೇಗೆ ಗೊತ್ತಾಗಬೇಕು? 'ಯಾವನೋ ಅದು' ಅಂತ ಕೂಗಿದ್ರಿ. ಬೇಲಿ ಹಾರಿ ಓಡಿದೆ. ಒಂದು ಚಪ್ಪಲಿ ಅಲ್ಲೇ ಬಿತ್ತು." (ಆ ಚಪ್ಪಲಿ ನನಗೆ ಸಿಕ್ಕಿತ್ತು. ದೃಷ್ಟಿ ತಾಗದಿರಲಿ ಎಂದು ತೋಟದ ಗೂಟಕ್ಕೆ ಕಟ್ಟಿದ್ದೆ. ಎಂಟು ವರ್ಷ ಚೆನ್ನಾಗಿ ಕಾವಲು ಕಾಯಿತು.) "ಆಮೇಲೆ ಸಂತೇಲಿ ಅಕ್ಕ ಸಿಕ್ರು. ಅವರ ಕೈಗೆ ಕೊಟ್ಟೆ. ಮೂವತ್ತಾರು ಫೋಟೋ."

ಕಮಲಂ ಕೈಗೆ. ಇಪ್ಪತ್ತಾರು ವರ್ಷದ ಹಿಂದೆ. ನನ್ನ ಕಿವಿಯಲ್ಲಿ ಫ್ಯಾಕ್ಟರಿಯ ಮಿಷನ್ನು ಓಡಿದ ಹಾಗಾಯಿತು. ಸೆಂಥಿಲ್ ಕ್ಯಾಮೆರಾ ಚೀಲಕ್ಕೆ ಹಾಕಿ ಕೊಟ್ಟ. ನನ್ನ ಅಂಗಿ ಜೇಬಿಗೆ ಯಾವುದೋ ಚಿಕ್ಕ ಕವರು ತುರುಕಿದ, ಏನೋ ಹೇಳಿದ. ನನಗೆ ಒಂದು ಮಾತೂ ಕೇಳಿಸಲಿಲ್ಲ. ತಪ್ಪಾಯಿತು ಎನ್ನುವ ಮಾತು ನನ್ನ ಬಾಯಿಗೆ ಅಭ್ಯಾಸವಿಲ್ಲ.

"ಬಾ, ಟೀ ಕುಡಿಯೋಣ," ಎಂದೆ.

ಸೆಂಥಿಲ್ ನನ್ನ ಮುಖ ನೋಡಿದ, ತನ್ನ ಅಂಗಿಯ ಮೇಲಿನ ಕಂದು ಪುಡಿ ನೋಡಿದ, ನಕ್ಕುಬಿಟ್ಟ. "ಇವತ್ತಿಗೆ ಟೀ ಸಾಕು ಅಣ್ಣೇ. ಕಾಫಿ ಕೊಡಿಸಿ."

ಮನೆಗೆ ಬಂದವನು ಹೊಸಿಲಲ್ಲೇ ಗುಡುಗಿದೆ: "ಕಮಲಂ! ಫೋಟೋ ಎಲ್ಲಿ?"

ಅವಳು ಕೈ ಒರೆಸಿಕೊಳ್ಳುತ್ತಾ ಬಂದಳು. ಹೆದರಿದ ಹಾಗೆ ಕಾಣಲಿಲ್ಲ. "ಸೆಂಥಿಲ್ ಕೂಡ ಮಾತಾಡಿದ್ರಾ?"

"ಕಾಫಿ ಕೊಡಿಸಿದೆ."

"ನೀವಾಗೇ?"

"ಮತ್ತೆ ಯಾರು?"

ಅವಳು ನೆಟ್ಟಗೆ ಹೋಗಿ ಕ್ಯಾಲೆಂಡರನ್ನು ಮೊಳೆಯಿಂದ ಇಳಿಸಿದಳು. ಅದರ ಹಿಂದೆ, ಅದೇ ಮೊಳೆಗೆ, ದಾರ ಕಟ್ಟಿದ ಪ್ಲಾಸ್ಟಿಕ್ ಕವರು ತೂಗುತ್ತಿತ್ತು. ದಪ್ಪಗೆ.

"ತೇವ," ಎಂದಳು. "ನೋಡಿ, ಇದೇ ನಿಮ್ಮ ಗೋಡೆ ತೇವ."

"ಇಪ್ಪತ್ತಾರು ವರ್ಷ! ನನಗೊಂದು ಮಾತು ಹೇಳಬಾರದಾ?"

"ಅವನ ಹತ್ರ ನೀವಾಗೇ ಹೋಗಿ ಒಂದು ಒಳ್ಳೆ ಮಾತಾಡಿದ ದಿನ ಕೊಡ್ತೀನಿ ಅಂತ ಇಟ್ಟಿದ್ದೆ. ಒಂದು ವರ್ಷ ಆಗುತ್ತೆ ಅಂದ್ಕೊಂಡಿದ್ದೆ." ಸೆರಗಿನಿಂದ ಕವರಿನ ಧೂಳು ಒರೆಸಿದಳು. "ಮೊಳೆ ನೀವೇ ಹೊಡೆದಿದ್ದಲ್ವಾ? ಅದಕ್ಕೇ ಅಲ್ಲಿ ಹಾಕಿದೆ. ಫೋಟೋ ಅದರ ಜಾಗದಲ್ಲೇ ಇತ್ತು."

ಇಬ್ಬರೂ ಜಗಲಿಯ ಮೇಲೆ ಕೂತು ನೋಡಿದೆವು. ಮೂವತ್ತಾರು ಫೋಟೋದಲ್ಲಿ ಕಮಲಂ ಮೂವತ್ತಾರು ಥರ ಚೆಂದ. ನನ್ನದು ಒಂದೇ ಥರ. ಒಂದರಲ್ಲಿ ಅಡುಗೆಯವನಿಗೆ ಬೈಯುತ್ತಿದ್ದೇನೆ. ಒಂದರಲ್ಲಿ ವಾದ್ಯದವರ ಕಡೆಗೆ ಬೆರಳು ಚಾಚಿದ್ದೇನೆ. ಹಿರಿಯರು ತಲೆ ಮೇಲೆ ಕೈಯಿಟ್ಟು ಹರಸುವಾಗಲಾದರೂ ಸುಮ್ಮನಿದ್ದೇನಾ ಎಂದರೆ, ಬಗ್ಗಿದ ತಲೆಯನ್ನು ಓರೆ ಮಾಡಿ ಯಾರಿಗೋ 'ಚಪ್ಪರದ ಕಂಬ ಹಿಡಿಯೋ' ಎನ್ನುತ್ತಿದ್ದೇನೆ.

"ಈಗ ಹೇಳಿ," ಕಮಲಂ ಕೇಳಿದಳು, "ಇದರಲ್ಲಿ ಯಾವುದನ್ನ ಮೊಳೆಗೆ ಹಾಕೋದು? ಬಂ‍ದೋರು ಹೆಣ್ಣನ್ನ ಹೊಡೆದು ಕರ್ಕೊಂಡು ಬಂದಿದ್ದಾನೆ ಅಂದ್ಕೊಳ್ಳಲ್ವಾ?"

ಕೊನೆಯದರಲ್ಲಿ ಅವಳು ಬೆನ್ನು ತಿರುಗಿಸಿ, ಬರಿ ಕೊಡ ಹಿಡಿದು ಮೆಟ್ಟಿಲಿಳಿದು ಹಳ್ಳಕ್ಕೆ ಹೋಗುತ್ತಿದ್ದಳು. ಅಲ್ಲಿಗೆ ರೋಲು ಮುಗಿದಿತ್ತು. ಹೋಗುವುದು ಇತ್ತು, ಬರುವುದು ಇರಲಿಲ್ಲ.

ನಾನು ಆ ಫೋಟೋವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದೆ. ಕಮಲಂ ಮೊಣಕೈಯಿಂದ ತಿವಿದಳು. "ಏನಾಯ್ತು ಮೋನಿ ಅಪ್ಪಾ?"

"ನೀನು ನೀರು ತಂದಿದ್ದು ಇಲ್ಲ."

"ಇಲ್ಲ."

"ಏಳನೇ ಮೆಟ್ಟಿಲ ಹತ್ರ ನಕ್ಕಿದ್ದೆ. ಅದನ್ನ ಹಿಡೀಬೇಕು ಅಂತ್ಲೇ ಈ ಕ್ಯಾಮೆರಾ ಇಟ್ಕೊಂಡಿದ್ದು."

ಕಮಲಂ ಆ ಫೋಟೋವನ್ನು ನನ್ನ ಕೈಯಿಂದ ತೆಗೆದು ಕವರಿಗೆ ಹಾಕಿದಳು. ಈ ಸಲ ಅವಳ ಮಾತಿನಲ್ಲಿ ಖಾರ ಕಡಿಮೆ ಇತ್ತು. "ಇದನ್ನ ಸೋಮವಾರವೇ ಹೇಳಬಾರದಿತ್ತಾ? ಹಲ್ಲು ತೋರಿಸು, ತಲೆ ಎತ್ತು ಅಂತ ತೋಟ ತುಂಬ ಓಡಿಸಿದ್ರಲ್ಲ! ಅಟ್ಟದ ಮೇಲಿಂದ ಆ ಕೊಡ ಇಳಿಸಿ. ಹುಣಸೆಹಣ್ಣು ಹಾಕಿ ತಿಕ್ಕಬೇಕು."

ಶನಿವಾರ ಬೆಳಿಗ್ಗೆ ಮಂಜಿನ ಸುಳಿವೇ ಇಲ್ಲ. ಬಿಸಿಲು ಟೀ ಗಿಡಗಳ ನೆತ್ತಿ ಸವರುತ್ತಿತ್ತು. ನಾನು ಹೊಸಿಲ ಮೇಲೆ, ನಿನ್ನೆಯ ಅಂಗಿಯಲ್ಲೇ, ಕ್ಯಾಮೆರಾ ಹಿಡಿದು ನಿಂತೆ. ಚಕ್ರವನ್ನು ಹೆಣ್ಣಿನ ಮುಖದ ಚಿತ್ರಕ್ಕೆ ತಿರುಗಿಸಿದೆ. ಕೆಳಗಿನಿಂದ ಬಿಳಿ ಮುಂಡು ಕಂಡಿತು, ಅದರ ಮೇಲೆ ಹೊಳೆಯುವ ಕೊಡ. ನಡಿಗೆ ಮೊದಲಿನಷ್ಟು ಬಿರುಸಿಲ್ಲ, ನಾಲ್ಕನೇ ಮೆಟ್ಟಿಲಲ್ಲಿ ಮಂಡಿ ಹಿಡಿದು ನಿಂತಳು. ಐದು. ಆರು. ಏಳಕ್ಕೆ ತಲೆ ಎತ್ತಿದಳು.

ಅದೇ ನಗು. ಕೂದಲು ನರೆತಿದೆ, ಮೂಗುಬೊಟ್ಟಿನ ಪಕ್ಕ ಗೆರೆ ಬಂದಿದೆ, ನಗು ಮಾತ್ರ ಎಲ್ಲಿಗೂ ಹೋಗಿರಲಿಲ್ಲ. ನೀರು ತುಳುಕಿ ಹುಬ್ಬಿನ ಮೇಲೆ ಇಳಿಯಿತು.

ಟಪಕ್.

ಪರದೆಯ ಮೇಲೆ ಬಂತು. ಒಂದು ಚುಕ್ಕೆ ಇಲ್ಲ, ಹುಬ್ಬಿನ ಹನಿಯ ಸಮೇತ. ಮೂಲೆಯಲ್ಲಿ ಏನೋ ಇಂಗ್ಲಿಷ್ ಅಕ್ಷರ ಮಿಣುಕುತ್ತಿತ್ತು. 'ಭೇಷ್' ಎನ್ನುತ್ತಿರಬೇಕು ಎಂದುಕೊಂಡೆ. ನಾಲ್ಕು ಎಣಿಸುವಷ್ಟು ಹೊತ್ತು ನೋಡಿದೆ. ಪರದೆ ಕಪ್ಪಾಯಿತು.

"ಬಾ ಬೇಗ! ಬಂದಿದೆ! ನೋಡು!"

ಅವಳು ಕೊಡ ಇಳಿಸಿ ಬಂದಳು. ತೋರಿಸಲು ಗುಂಡಿ ಒತ್ತಿದೆ. ಏನೂ ಇಲ್ಲ. ಎಲ್ಲ ಗುಂಡಿ ಒತ್ತಿದೆ. ಕಾಡೆಮ್ಮೆಯೂ ಇಲ್ಲ. ಕೋಪದಲ್ಲಿ ನೆಲಕ್ಕೆ ಗುರಿಯಿಟ್ಟು ಇನ್ನೊಂದು ಟಪಕ್ ಹೊಡೆದೆ. ನನ್ನ ಹೆಬ್ಬೆರಳು ಬಂತು, ಅದರ ಪಕ್ಕ ಅದೇ ಅಕ್ಷರ. ಕಮಲಂ ಹತ್ತನೇ ಕ್ಲಾಸು ಓದಿದವಳು. ಬಗ್ಗಿ ಓದಿದಳು.

"ಡೆಮೋ ಅಂತಿದೆ. ಅಂದ್ರೆ ಸುಮ್ಮನೆ ತೋರಿಸೋಕೆ." ಪಕ್ಕದ ಪುಟ್ಟ ಬಾಗಿಲು ತೆರೆದು ನೋಡಿದಳು. "ಒಳಗೆ ಫೋಟೋ ಉಳಿಯೋ ಕಾರ್ಡೇ ಇಲ್ಲ."

"ಸೆಂಥಿಲ್!" ಎಂದು ನಾನು ಕೂಗಿದ ಕೂಗಿಗೆ ಬೇಲಿಯ ಮೇಲಿನ ಗುಬ್ಬಿಗಳೆಲ್ಲ ಹಾರಿಹೋದವು. "ಕಾರ್ಡು ಕಿತ್ತುಕೊಂಡವನು ಅವನೇ! ಈಗಲೇ ಹೋಗಿ ಅವನ..."

ಕಮಲಂ ನನ್ನ ಅಂಗಿಯ ಜೇಬಿಗೆ ಎರಡು ಬೆರಳು ಹಾಕಿ, ಮೇಲೆ ಇಣುಕುತ್ತಿದ್ದ ಚಿಕ್ಕ ಕವರು ಎಳೆದಳು. ಅದರೊಳಗೆ ಕಾರ್ಡು.

"ಅವತ್ತು ಅವನ ಜೇಬಲ್ಲಿ ರೋಲು. ಇವತ್ತು ನಿಮ್ಮ ಜೇಬಲ್ಲಿ ಕಾರ್ಡು," ಎಂದಳು. "ಹೆಣ್ಣು ನೀರು ಹೊತ್ಕೊಂಡು ಬಂದ್ಲು, ಫೋಟೋ ತೆಗೆಯೋನು ತೆಗೀಲಿಲ್ಲ. ಹೇಳಿ, ಈಗ ಯಾರ ಕ್ಯಾಮೆರಾ ಕಿತ್ಕೊಂಡು ಬೇಲಿ ಮೇಲೆ ಎಸೀತೀರಿ?"

ನಾನು ಬೇಲಿಯ ಕಡೆ ನೋಡಿದೆ. ಕೋಪ ಎಲ್ಲಿಗೆ ಹೋಯಿತೋ ನನಗೂ ಗೊತ್ತಾಗಲಿಲ್ಲ. ಇಪ್ಪತ್ತಾರು ವರ್ಷ ತಡವಾಗಿ, ರೋಲು ಬದಲಿಸುತ್ತಾ ಕೂತಿದ್ದ ಸೆಂಥಿಲ್‌ನ ಮುಖ ನೆನಪಾಯಿತು.

"ಇನ್ನೊಂದು ಸಲ..." ಎಂದೆ, ನನಗೇ ಕೇಳಿಸದಷ್ಟು ಮೆತ್ತಗೆ.

"ಹೊಸ ಹೆಣ್ಣು ನೀರು ತರೋದು ಒಂದೇ ಸಲ. ನಾನು ಎರಡು ಸಲ ತಂದೆ." ಕೊಡ ಎತ್ತಿ ಅಷ್ಟೂ ನೀರನ್ನು ಗುಲಾಬಿ ಗಿಡಕ್ಕೆ ಸುರಿದಳು. ಬರಿಗೊಡವನ್ನು ನನ್ನ ಕೈಗೆ ಕೊಟ್ಟು, ಕ್ಯಾಮೆರಾವನ್ನು ನನ್ನ ಕತ್ತಿನಿಂದ ತೆಗೆದು, ಕಾರ್ಡನ್ನು ಅದರೊಳಗೆ ಸೇರಿಸಿ, ತನ್ನ ಕತ್ತಿಗೆ ಹಾಕಿಕೊಂಡಳು. "ಇನ್ನು ನಿಮ್ಮ ಸರದಿ."

"ನಾನು? ಕೊಡ ಹೊರೋದಾ? ಹಟ್ಟಿಯವರು ನೋಡಿದ್ರೆ?"

"ನೋಡಲಿ. ಅವರ ಮನೆ ಗಂಡಸರಿಗೂ ಗೊತ್ತಾಗಲಿ."

ಹೋದೆ. ಹಳ್ಳದಲ್ಲಿ ತುಂಬಿದೆ. ತಲೆಯ ಮೇಲಿಟ್ಟೆ. ಕೊಡ ಅಂದರೆ ಏನೆಂದು ಅವತ್ತು ಗೊತ್ತಾಯಿತು. ಹೆಜ್ಜೆಗೊಂದು ಸಲ ಕುತ್ತಿಗೆಯೊಳಗೆ ತಣ್ಣೀರು. ಮೇಲಿನ ಮನೆಯ ಮುದುಕಿ ಲಿಂಗಿ ದನ ಕಟ್ಟುತ್ತಿದ್ದವಳು ಹಗ್ಗ ಬಿಟ್ಟು ನಿಂತಳು. "ಏನೋ ನಂಜುಂಡಾ, ಯಾವ ಮನೆಗೆ ಸೊಸೆಯಾಗಿ ಹೊರಟಿದ್ದಿ?"

ಬೈಯಬೇಕೆಂದರೆ ತಲೆ ತಿರುಗಿಸುವ ಹಾಗಿಲ್ಲ. ಮೆಟ್ಟಿಲು ಹತ್ತಿದೆ. ಏಳನೇ ಮೆಟ್ಟಿಲು. ಮೇಲೆ ಹೊಸಿಲಲ್ಲಿ ಕಮಲಂ, ಒಂದು ಕಣ್ಣು ಮುಚ್ಚಿ, ಕ್ಯಾಮೆರಾ ಹಿಡಿದು ನಿಂತಿದ್ದಾಳೆ.

"ತಲೆ ಎತ್ತು!" ಎಂದು ನನ್ನ ದನಿಯಲ್ಲೇ ಗುಡುಗಿದಳು. "ಹಲ್ಲು ತೋರಿಸು!"

ಟಪಕ್.

ಭಾನುವಾರ ಮನೋಜ್ ಬಂದ. ಕ್ಯಾಮೆರಾ ವಾಪಸ್ ಹೋಗಲಿಲ್ಲ. ಅದು ಈಗ ಕಮಲಂದು, ಚೀಲ ಹೊರುವುದು ನಾನು. ತೀರ್ಪು ಕೇಳಿದರೆ ಹೇಳುತ್ತೇನೆ: ಹೊಸದಾಗಿ ಕಲಿಯುವವರಿಗೆ ಒಳ್ಳೆಯ ಕ್ಯಾಮೆರಾ, ತೂಕ ಹದ, ಹಿಡಿಕೆ ಗಟ್ಟಿ, ಟೀ ಡಬ್ಬಿಯಲ್ಲಿ ಇಡಬಾರದು. ಕಂಡದ್ದನ್ನು ನಾಲ್ಕು ಗಳಿಗೆ ತೋರಿಸಿ ಕಸಿದುಕೊಳ್ಳುವ ಒಂದು ಕೆಟ್ಟ ಬುದ್ಧಿ ಇದೆ. ಆ ನಾಲ್ಕು ಗಳಿಗೆ ನನ್ನ ಹತ್ತಿರ ಇದೆ. ಮಂಜು ಇಳಿದ ಸಂಜೆ ಹೊಸಿಲಲ್ಲಿ ಕೂತು ಏಳನೇ ಮೆಟ್ಟಿಲ ಕಡೆ ನೋಡಿದರೆ ಈಗಲೂ ಕಾಣುತ್ತದೆ. ಯಾರಿಗೂ ತೋರಿಸುವ ಹಾಗಿಲ್ಲ, ಅಷ್ಟೇ.

ಕ್ಯಾಲೆಂಡರು ಅಡುಗೆಮನೆಗೆ ಹೋಯಿತು. ಮೊಳೆಗೆ ಸೆಂಥಿಲ್ ಚೌಕಟ್ಟು ಹಾಕಿಕೊಟ್ಟ ಫೋಟೋ ಬಂತು: ಐವತ್ತೆರಡು ವರ್ಷದ ಒಬ್ಬ ಗಂಡಸು, ತಲೆ ಮೇಲೆ ಹಿತ್ತಾಳೆ ಕೊಡ, ಅಂಗಿ ತೊಪ್ಪೆ, ಬಾಯಿ ಎಂದಿನಂತೆ ತೆರೆದಿದೆ. ಆದರೆ ಬೈಯುತ್ತಿಲ್ಲ, ನಗುತ್ತಿದ್ದಾನೆ. ಬಂದವರು ಇದೇನು ಎಂದು ಕೇಳಿದರೆ, ನಮ್ಮ ಮದುವೆ ಫೋಟೋ ಎನ್ನುತ್ತೇನೆ. ಮತ್ತೆ ಹೆಣ್ಣೆಲ್ಲಿ ಎನ್ನುತ್ತಾರೆ. ಆ ಪುಣ್ಯಾತ್ಮ ಯಾರನ್ನು ನೋಡಿ ನಗುತ್ತಿದ್ದಾನೋ ಅಲ್ಲಿ ಎನ್ನುತ್ತೇನೆ.

ಒಳಗಿನಿಂದ ಕಮಲಂ ಕೂಗುತ್ತಾಳೆ: "ಹೊಸಿಲು ದಾಟುವಾಗ ಕೊಡದಲ್ಲಿ ನೀರೇ ಇರಲಿಲ್ಲ, ಅದನ್ನೂ ಹೇಳಿ!"